ಉಣುಗು ಕಚ್ಚಿದರೆ ಬೆಂಕಿಕಡ್ಡಿ ಬೇಡ, ಚಿಮಟ ತನ್ನಿ

ಮೈಗೆ ಉಣುಗು ಹತ್ತಿದ್ದು ಕಂಡರೆ ಸಾಕು, ಒಬ್ಬರು ಸೀಮೆಎಣ್ಣೆ ಹುಡುಕುತ್ತಾರೆ, ಇನ್ನೊಬ್ಬರು ಬೆಂಕಿಕಡ್ಡಿ ಗೀರುತ್ತಾರೆ. ಎರಡೂ ತಪ್ಪು. ಇದನ್ನು ನೋಡಿ ನೋಡಿ ಸಾಕಾಗಿಯೇ ಬರೆಯುತ್ತಿದ್ದೇನೆ.

1. ಮೈ ಮುಚ್ಚುವ ಬಟ್ಟೆ ಹಾಕಿ. ಉಣುಗು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿಕೊಂಡು ಕಾಯುತ್ತದೆ. ನೀವು ಸವರಿಕೊಂಡು ಹೋದರೆ ಹತ್ತಿಕೊಂಡು ಮೇಲಕ್ಕೆ ತೆವಳುತ್ತದೆ. ಹಾಗಾಗಿ ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ, ಅದರ ಅಂಚನ್ನು ಕಾಲುಚೀಲದೊಳಗೆ ತುರುಕಿ. ನೋಡಲು ಚೆನ್ನಾಗಿರಲ್ಲ, ಪರವಾಗಿಲ್ಲ.

2. ಡೀಟ್ ಅಥವಾ ಪಿಕಾರಿಡಿನ್ ಇರುವ, ಕೀಟಗಳನ್ನು ದೂರವಿಡುವ ಔಷಧಿ ಮೈಗೆ ಹಚ್ಚಿ. ಸೊಳ್ಳೆಗೂ ಅದೇ ಆಗುತ್ತದೆ. ಸುಮಾರು ಶೇ 20ರಷ್ಟು ಇದ್ದರೆ ಸಾಕು. ಸನ್‌ಸ್ಕ್ರೀನ್ ಮೊದಲು, ಇದು ಆಮೇಲೆ. ಪರ್ಮೆಥ್ರಿನ್ ಎಂಬ ಕೀಟನಾಶಕ ಬಟ್ಟೆಗೆ, ಶೂಗೆ ಮಾತ್ರ, ಮೈಗಲ್ಲ. ಕೈಗೆ ಕಟ್ಟುವ ಸುವಾಸನೆಯ ಪಟ್ಟಿ, ಕೀಟ ಓಡಿಸುತ್ತದೆ ಎನ್ನುವ ಶಬ್ದದ ಯಂತ್ರ, ಇವೆಲ್ಲ ಸುಮ್ನೆ ದುಡ್ಡು ದಂಡ.

3. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಮೈ ತಡಕಿ ನೋಡಿ. ಕಂಕುಳು, ಹೊಕ್ಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ, ಕೂದಲ ಬುಡ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಮಚ್ಚೆ ಅಂದುಕೊಂಡು ಬಿಟ್ಟುಬಿಡಬೇಡಿ.

4. ಕಚ್ಚಿಕೊಂಡಿದ್ದರೆ ತೆಗೆಯಿರಿ. ಎಲ್ಲರೂ ಕೆಡಿಸುವುದು ಇಲ್ಲೇ. ಉಣುಗಿನ ಬಾಯಲ್ಲಿ ಹಿಮ್ಮುಖ ಮುಳ್ಳುಗಳಿವೆ, ಸುಲಭಕ್ಕೆ ಬಿಡುವುದಿಲ್ಲ. ಸುಟ್ಟರೆ, ಎಣ್ಣೆ ಹಚ್ಚಿದರೆ ಅದು ತನ್ನ ಜೊಲ್ಲನ್ನು ನಿಮ್ಮ ಗಾಯದೊಳಗೇ ಕಕ್ಕಬಹುದು. ರೋಗಾಣು ಇರುವುದೂ ಅದರಲ್ಲೇ. ಚೂಪು ತುದಿಯ ಚಿಮಟ ತೆಗೆದುಕೊಳ್ಳಿ, ಹುಬ್ಬು ಕೀಳುವ ಅಗಲ ತುದಿಯದ್ದು ಬೇಡ, ಅದು ಹೊಟ್ಟೆಯನ್ನೇ ಹಿಸುಕುತ್ತದೆ. ಚರ್ಮಕ್ಕೆ ತಾಗುವಷ್ಟು ಹತ್ತಿರ, ತಲೆಯ ಹತ್ತಿರ ಹಿಡಿಯಿರಿ. ನೇರ ಮೇಲಕ್ಕೆ, ಒಂದೇ ಸಮನೆ ಎಳೆಯಿರಿ. ಚರ್ಮ ಸ್ವಲ್ಪ ಮೇಲೇಳುತ್ತದೆ. ಆಗ ಗಾಬರಿಯಾಗಿ ಜಗ್ಗಬೇಡಿ, ತಿರುಚಬೇಡಿ, ಹಾಗೇ ಹಿಡಿದಿರಿ, ಬಿಡುತ್ತದೆ. ಬಾಯಿಯ ಚೂರು ಒಳಗೆ ಉಳಿದರೆ ಸೂಜಿಯಿಂದ ಕೆದಕುವುದು ಬೇಡ, ಚರ್ಮವೇ ಹೊರಹಾಕುತ್ತದೆ. ಗಾಯವನ್ನೂ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ. ಉಣುಗನ್ನು ಬೆರಳಲ್ಲಿ ಹೊಸಕದೆ ಸ್ಪಿರಿಟ್‌ಗೆ ಹಾಕಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ, ದದ್ದು ಎದ್ದರೆ ವೈದ್ಯರಿಗೆ ಉಣುಗು ಕಚ್ಚಿದ ವಿಷಯ ನೀವಾಗಿಯೇ ಹೇಳಿ. ಅವರು ಕೇಳದೇ ಇರಬಹುದು.

5. ನಾಯಿ, ಬೆಕ್ಕು. ತೆಗೆಯುವ ರೀತಿ ಅದೇ. ಕಿವಿಯೊಳಗೆ, ಕೊರಳಪಟ್ಟಿಯ ಅಡಿ, ಬೆರಳ ಸಂದಿ, ಬಾಲದ ಬುಡ ನೋಡಿ. ಕಣ್ಣಿಗಿಂತ ಬೆರಳಿಗೇ ಬೇಗ ಸಿಗುತ್ತದೆ. ನಿಮ್ಮ ಡೀಟ್ ಅವಕ್ಕೆ ಹಚ್ಚಬೇಡಿ, ನೆಕ್ಕಿಬಿಡುತ್ತವೆ. ಔಷಧಿಯನ್ನು ಪಶುವೈದ್ಯರ ಹತ್ತಿರ ತೂಕ ಹೇಳಿಯೇ ತನ್ನಿ. ನಾಯಿಯ ಮೈಗೆ ಹಾಕಲು ತಂದ ಹನಿ ಔಷಧಿ ಮಿಕ್ಕಿತು ಅಂತ ಬೆಕ್ಕಿಗೆ ಹಾಕುವವರು ಜಾಸ್ತಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ, ಸೆಟೆದು ಸಾಯಬಹುದು. ಎರಡನ್ನೂ ಸಾಕುವವರು ನಾಯಿಯ ಮೈ ಮೇಲಿನ ಔಷಧಿ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ.