ಜಜ್ಜಿದ ಕಾಲಿನ ನರ ಚಿಗುರುವ ತನಕ ಮನೆಯವರು ಏನು ಮಾಡಬೇಕು?

2023ರ ಫೆಬ್ರವರಿ 6ರ ನಸುಕಿನಲ್ಲಿ ದಕ್ಷಿಣ ಟರ್ಕಿ ಮತ್ತು ಉತ್ತರ ಸಿರಿಯಾದಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಜನ ಹಾಸಿಗೆಯಲ್ಲಿದ್ದರು. 50 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಕಾಂಕ್ರೀಟಿನಡಿ ಗಂಟೆಗಟ್ಟಲೆ ಕೈಕಾಲು ಸಿಕ್ಕಿಕೊಂಡು ಬದುಕಿ ಬಂದವರೂ ಬಹಳ. ಟರ್ಕಿಯ ಇಸ್ಕೆಂದೆರುನ್ ನಗರದಲ್ಲಿ ನಮ್ಮ ಸೇನೆ ತೆರೆದ ಆಸ್ಪತ್ರೆಯ ಸುದ್ದಿ ನೀವೂ ನೋಡಿರಬಹುದು.

ಭಾರ ಬಿದ್ದ ಸ್ನಾಯು ಬಾತುಕೊಳ್ಳುತ್ತದೆ. ಸುತ್ತಲಿನ ಗಟ್ಟಿ ಪೊರೆ ಹಿಗ್ಗುವುದಿಲ್ಲ. ಒತ್ತಡಕ್ಕೆ ಒಳಗೆ ರಕ್ತ ಹರಿಯದೆ ನರ ಸೊರಗುತ್ತದೆ. ಜಜ್ಜಿದ ಸ್ನಾಯುವಿನಿಂದ ರಕ್ತಕ್ಕೆ ಸೇರುವ ವಸ್ತುಗಳು ಕಿಡ್ನಿಗೂ ಪೆಟ್ಟು ಕೊಡುವುದರಿಂದ ಮೊದಲ ವಾರಗಳು ಕಿಡ್ನಿ, ಡಯಾಲಿಸಿಸ್, ಗಾಯ ಅಂತಲೇ ಕಳೆಯುತ್ತವೆ. ನರದ ಕಡೆ ಗಮನ ಹೋಗುವಷ್ಟರಲ್ಲಿ ಪಾದ ಬಿಗಿದುಕೊಂಡಿರುತ್ತದೆ. ಅದನ್ನು ಬಹುಮಟ್ಟಿಗೆ ತಡೆಯಬಹುದು.

ಮೊದಲು, ಏನು ಆಗುತ್ತಿಲ್ಲ ಅಂತ ನೋಡಿ. ಪಾದ ಮೇಲಕ್ಕೆತ್ತಲು, ಹೆಬ್ಬೆರಳು ಎತ್ತಲು ಹೇಳಿ. ಹತ್ತಿಯಿಂದ ಸವರಿ, ಎಲ್ಲಿ ತಿಳಿಯುವುದಿಲ್ಲ ಎಂದು ಕೇಳಿ. ತಾರೀಖು ಹಾಕಿ ಬರೆದಿಡಿ. ನರದ ಕರೆಂಟ್ ಪರೀಕ್ಷೆಯನ್ನು ಸುಮಾರು 3 ವಾರದ ನಂತರ ಮಾಡಿಸಿದರೆ ಚಿತ್ರ ಸ್ಪಷ್ಟವಾಗಿ ಸಿಗುತ್ತದೆ.

ಮುಖ್ಯ ಕೆಲಸ ಪಾದದ ಕೀಲು ಬಿಗಿಯದಂತೆ ನೋಡಿಕೊಳ್ಳುವುದು. ಮೂಳೆ ಮುರಿದಿದ್ದರೆ, ಗಾಯಕ್ಕೆ ಚರ್ಮ ಕಸಿ ಮಾಡಿದ್ದರೆ ಮೊದಲು ವೈದ್ಯರನ್ನು ಕೇಳಿ. ಅವರು ಸರಿ ಎಂದ ಮೇಲೆ ಮೊಣಕಾಲು ನೇರ ಇಟ್ಟು, ಬೆರಳುಗಳ ಬುಡಕ್ಕೆ ಟವೆಲ್ ಹಾಕಿ, ಪಾದವನ್ನು ನಿಧಾನವಾಗಿ ಮೈಯ ಕಡೆ ಎಳೆಯಿರಿ. ಮೀನಖಂಡ ಎಳೆದಂತಾಗಬೇಕು, ನೋಯಬಾರದು. 30 ಸೆಕೆಂಡ್ ಹಿಡಿದು ಬಿಡಿ. ದಿನಕ್ಕೆ ಹಲವು ಸಲ. ಮಲಗಿದಾಗ ಪಾದ ನೇರ ನಿಲ್ಲಲು ಸ್ಪ್ಲಿಂಟ್, ಅಂದರೆ ಪಾದವನ್ನು ಹಿಡಿದಿಡುವ ಗಟ್ಟಿ ಆಸರೆ ಬೇಕು. ದಪ್ಪ ರಜಾಯಿಯ ಭಾರಕ್ಕೂ ಪಾದ ಕೆಳಕ್ಕೆ ಬಾಗುತ್ತದೆ, ಇದನ್ನು ಯಾರೂ ಗಮನಿಸುವುದಿಲ್ಲ. ನಡೆಯುವಾಗ ಬೆರಳು ನೆಲಕ್ಕೆ ತಾಗಿ ಮುಗ್ಗರಿಸದಂತೆ ಪಾದ ಎತ್ತಿ ಹಿಡಿಯುವ ಪಟ್ಟಿ ಹಾಕಿಸಿ.

ಚಕ್ಕಳಮಕ್ಕಳ ಹಾಕಿ, ಕುಕ್ಕರಗಾಲಲ್ಲಿ ಜಾಸ್ತಿ ಹೊತ್ತು ಕೂರುವುದು ಬೇಡ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಮೂಳೆಯ ಗುಬುಟಿದೆ ಅಲ್ವಾ? ಪಾದ ಎತ್ತಿಸುವ ನರ ಅದನ್ನೇ ಸುತ್ತಿಕೊಂಡು ಹೋಗುತ್ತದೆ. ಅಲ್ಲಿ ಮತ್ತೆ ಒತ್ತಡ ಬೀಳಬಾರದು.

ಸ್ಪರ್ಶ ತಿಳಿಯದ ಪಾದಕ್ಕೆ ಬಿಸಿಯೂ ತಿಳಿಯುವುದಿಲ್ಲ. ಭೂಕಂಪದಲ್ಲಿ ಮನೆ ಕಳೆದುಕೊಂಡವರ ತಾತ್ಕಾಲಿಕ ಕಂಟೇನರ್ ಮನೆಗಳ ಚಳಿಯಲ್ಲಿ ಹೀಟರ್ ಪಕ್ಕ ಕಾಲಿಟ್ಟರೆ ಸುಟ್ಟಿದ್ದೇ ಗೊತ್ತಾಗದು. ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿ.

ಉರಿ, ಶಾಕ್ ಹೊಡೆದಂಥ ನೋವಿಗೆ ಬೇರೆಯೇ ಮಾತ್ರೆಗಳಿವೆ. ಕಿಡ್ನಿ ಪೆಟ್ಟು ತಿಂದವರಿಗೆ ಅವುಗಳ ಪ್ರಮಾಣವೂ ಬೇರೆ. ಅಂಗಡಿಯಿಂದ ಸುಮ್ನೆ ನೋವಿನ ಮಾತ್ರೆ ತಂದು ಕೊಡಲೇಬೇಡಿ.

ಇನ್ನು ಕಾಯುವ ಲೆಕ್ಕ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. 10 ಸೆಂಟಿಮೀಟರ್ ದೂರದ ಸ್ನಾಯು ಮುಟ್ಟಲು 3 ತಿಂಗಳ ಮೇಲೆ ಬೇಕು. ನರದ ದಾರಿಯಲ್ಲಿ ಬೆರಳಿಂದ ತಟ್ಟಿದಾಗ ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗಿಳಿದರೆ ಅದು ಒಳ್ಳೆಯ ಸೂಚನೆ. ಮೂರ್ನಾಲ್ಕು ತಿಂಗಳಾದರೂ ಏನೂ ಕಾಣದಿದ್ದರೆ ನರದ ಸರ್ಜನ್ ಬಳಿ ಹೋಗಿ. ತಡಮಾಡಬೇಡಿ, ಒಂದು-ಒಂದೂವರೆ ವರ್ಷ ನರ ಮುಟ್ಟದ ಸ್ನಾಯು ಮತ್ತೆ ಕೆಲಸಕ್ಕೆ ಬರುವುದು ಕಷ್ಟ. ಆಗಲೂ, ಕೆಲಸ ಮಾಡುವ ಬೇರೊಂದು ಸ್ನಾಯುವಿನ ಟೆಂಡನ್ ಅನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಪಾದದ ಮೇಲ್ಭಾಗಕ್ಕೆ ಜೋಡಿಸುವ ಆಪರೇಷನ್ ಇದೆ. ಅದಕ್ಕೂ ಕೀಲು ಸಡಿಲವಾಗಿರಬೇಕು. ಹಾಗಾಗಿ ನರ ಚಿಗುರಲಿ, ಬಿಡಲಿ, ಟವೆಲ್ ವ್ಯಾಯಾಮ ನಿಲ್ಲಿಸುವಂತಿಲ್ಲ.