ಹಾಡು ಹುಡುಕಲು ಪೂರ್ತಿ ಹೆಸರು ಟೈಪ್ ಮಾಡಬೇಡಿ

ಪುಣೆಯ ಗೆಳೆಯರೇ, ಕಂಪ್ಯೂಟರಿನಲ್ಲಿ ಹಾಡು ಕೇಳುವ ಫೂಬಾರ್2000 ಆ್ಯಪ್‌ನಲ್ಲಿ ಭೀಮಸೇನ ಜೋಶಿಯವರ ತೋಡಿ ರಾಗ ಬೇಕಾ? ಪೂರ್ತಿ ಹೆಸರು ಬೇಡ, ಇಂಗ್ಲಿಷಿನಲ್ಲಿ ಸುಮ್ನೆ ಎಸ್-ಇ-ಎನ್, ಜಾಗ ಬಿಟ್ಟು ಒ-ಡಿ-ಐ ಅಂತ ಹೊಡೆಯಿರಿ. ಪದದ ನಡುವಿನ ಅಕ್ಷರಗಳನ್ನೂ ಅದು ಹುಡುಕುತ್ತದೆ, ಎರಡೂ ತುಂಡು ಇರುವ ಹಾಡುಗಳನ್ನಷ್ಟೇ ತೋರಿಸುತ್ತದೆ. ಭೀಮಸೇನ ಅನ್ನೋ ಹೆಸರಿನ 'ಭೀ'ಗೆ ಒಬ್ಬರು ಐ ಹಾಕಿರುತ್ತಾರೆ, ಇನ್ನೊಬ್ಬರು ಎರಡು ಇ. ಇಲ್ಲಿನವರ ತೋಡಿಗೆ ಬರೀ ಟಿ, ನಮ್ಮ ಕನ್ನಡದವರಿಗೆ ಟಿ ಜೊತೆ ಎಚ್ ಬೇಕೇ ಬೇಕು! ತುಂಡು ಹೊಡೆದರೆ ಎಲ್ಲವೂ ಸಿಗುತ್ತವೆ. ಒ-ಡಿ-ಐ ಒಂದನ್ನೇ ಹಾಕಿದರೆ ಮಾತ್ರ 'ಮೆಲೊಡೀಸ್' ಅನ್ನೋ ಆಲ್ಬಮ್‌ಗಳೆಲ್ಲ ನುಗ್ಗುತ್ತವೆ. ಟ್ಯಾಗ್ (ಫೈಲಿನೊಳಗೆ ಬರೆದಿಟ್ಟ ಹಾಡು, ಗಾಯಕರ ಹೆಸರು) ಖಾಲಿಯಿದ್ದು, ಫೈಲಿಗೆ 'ಟ್ರ್ಯಾಕ್ 01' ಅಂತಷ್ಟೇ ಹೆಸರಿದ್ದು, ಫೋಲ್ಡರಿನ ಹೆಸರಿನಲ್ಲೂ ಈ ತುಂಡುಗಳು ಇಲ್ಲದಿದ್ದರೆ, ಅಥವಾ ಟ್ಯಾಗ್ ಕನ್ನಡ ಲಿಪಿಯಲ್ಲಿದ್ದರೆ, ಈ ಉಪಾಯ ನಡೆಯಲ್ಲ.