ಪಿಟೀಲಿನ ಬ್ರಿಡ್ಜ್: ಪಾದ ಕೂರದೆ ನಾದ ಕೂರದು

ಪಿಟೀಲಿನ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್, ಹೊಸದಾಗಿ ಕೊಂಡಾಗ ಅರ್ಧ ಕೆತ್ತಿದ ಮೇಪಲ್ ಮರದ ತುಂಡು ಮಾತ್ರ. ಪಾದ ದಪ್ಪ, ಎತ್ತರ ಹೆಚ್ಚು. ಹಲವರು ತಲೆಯನ್ನಷ್ಟೇ ತಗ್ಗಿಸಿ ತಂತಿ ಏರಿಸಿಬಿಡುತ್ತಾರೆ. ಪಾದದಡಿ ಸಂದು ಉಳಿದರೆ ಕಂಪನ ಮೇಲ್ಹಲಗೆಗೆ ಸರಿಯಾಗಿ ಇಳಿಯುವುದಿಲ್ಲ. ಒತ್ತಡವೆಲ್ಲ ಪಾದದ ಅಂಚಿಗೆ ಬಿದ್ದು ಹಲಗೆಯಲ್ಲಿ ಗುಳಿ ಬೀಳುತ್ತದೆ.

ಮೊದಲು ಜಾಗ ಗುರುತಿಸಿ. ಮೇಲ್ಹಲಗೆಯಲ್ಲಿ f ಆಕಾರದಲ್ಲಿ ಕೊರೆದ ಎರಡು ಎಫ್ ರಂಧ್ರಗಳ ಒಳಬದಿಯ ಕಚ್ಚುಗಳಿಗೆ ಪಾದದ ದಪ್ಪದ ನಡುಮಧ್ಯ ಸಾಲಾಗಿರಬೇಕು. ಪೂರ್ಣ ಅಳತೆಯ ವಾದ್ಯದಲ್ಲಿ ಇದು ಹಲಗೆಯ ಮೇಲಂಚಿನಿಂದ ಸುಮಾರು 195 ಮಿ.ಮೀ. ತಂತಿಯೆಲ್ಲ ಬಿಚ್ಚಿದಾಗ ಒಳಗಿನ ಸೌಂಡ್‌ಪೋಸ್ಟ್ (ಮೇಲ್ಹಲಗೆಗೆ ಆಸರೆಯಾಗಿ ನಿಂತ ಮರದ ಕಡ್ಡಿ) ಉರುಳಿದರೆ ಕೆಲಸ ಅಲ್ಲಿಗೇ ಬಿಟ್ಟು, ಪೋಸ್ಟನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಮುಂದುವರಿಯಿರಿ. ಪೋಸ್ಟ್ ಇಲ್ಲದ ಹಲಗೆಯ ಉಬ್ಬೇ ಬೇರೆ.

ಇನ್ನು ಪಾದ. ಅವಸರಪಟ್ಟವರು ಕೆಡಿಸುವುದು ಇಲ್ಲೇ. ಪಾದ ಕೂರುವ ಜಾಗಕ್ಕೆ ಸೀಮೆಸುಣ್ಣ ತೆಳುವಾಗಿ ಸವರಿ, ಬ್ರಿಡ್ಜ್ ನೇರವಾಗಿ ಇಟ್ಟು ಕೂದಲೆಳೆಯಷ್ಟು ಅಲುಗಿಸಿ ಎತ್ತಿ. ಸುಣ್ಣ ಹತ್ತಿದ್ದು ಉಬ್ಬು. ಅಷ್ಟನ್ನೇ ಹರಿತ ಚಾಕುವಿನಿಂದ ಹೆರೆಯಿರಿ. ಮತ್ತೆ ಇಡಿ, ಮತ್ತೆ ಹೆರೆಯಿರಿ. ಇಪ್ಪತ್ತು ಸಲವಾದರೂ ಬೇಸರಿಸಬೇಡಿ. ತಂತಿಯ ಭಾರಕ್ಕೆ ಪಾದಗಳು ತುಸು ಅಗಲಿಸುತ್ತವೆ, ಆದ್ದರಿಂದ ಪ್ರತಿ ಸಲ ಮೇಲಿಂದ ಹದವಾಗಿ ಒತ್ತಿ ನೋಡಿ. ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಪಟ್ಟಿ) ಕಡೆಯ ಮುಖ ಹಲಗೆಗೆ ಲಂಬವಾಗಿಯೇ ಇರಲಿ. ಪಾದದ ತಳ ಪೂರ್ತಿ ಸುಣ್ಣ ಹಿಡಿದರೆ ಕೂತಿತೆಂದು ಅರ್ಥ. ತುದಿಗಳ ದಪ್ಪ 1 ಮಿ.ಮೀ. ಸಾಕು.

ಹಲಗೆಯ ಮೇಲೆ ಉಪ್ಪುಕಾಗದ ಹಾಸಿ ಬ್ರಿಡ್ಜ್ ಉಜ್ಜುವ ಅಡ್ಡದಾರಿಯನ್ನು ಹಿಡಿಯಲೇಬೇಡಿ. ಕೈ ತೂಗಿದಂತೆಲ್ಲ ಪಾದದ ಅಂಚು ದುಂಡಾಗುತ್ತದೆ, ಕಾಗದ ಜಾರಿದರೆ ವಾರ್ನಿಶ್ ಹೋಗುತ್ತದೆ. ಒತ್ತಿದರೆ ಉಗುರಿನ ಗುರುತು ಬೀಳುವಷ್ಟು ಮೆತ್ತನೆಯ ಅಗ್ಗದ ಬ್ರಿಡ್ಜ್‌ಗೆ ಇಷ್ಟು ಶ್ರಮ ಹಾಕುವುದೂ ವ್ಯರ್ಥ.

ಎತ್ತರ: ಫಿಂಗರ್‌ಬೋರ್ಡಿನ (ಬೆರಳೊತ್ತುವ ಪಟ್ಟಿಯ) ಬ್ರಿಡ್ಜ್ ಕಡೆಯ ತುದಿಯಲ್ಲಿ ತೀರ ತೆಳುವಾದ ಇ ತಂತಿಯಡಿ 3.5, ತೀರ ದಪ್ಪನೆಯ ಜಿ ತಂತಿಯಡಿ 5.5 ಮಿ.ಮೀ. ಅಂತರವಿರಲಿ. ಫಿಂಗರ್‌ಬೋರ್ಡ್ ಕಡೆಯ ಮುಂಮುಖ ಹೆರೆದು ತಲೆಯ ದಪ್ಪವನ್ನು 1.3 ಮಿ.ಮೀ.ಗೆ ತನ್ನಿ. ತಲೆಯ ಮೇಲೆ ತಂತಿ ಕೂರುವ ಗಾಡಿಗಳ (ಸಣ್ಣ ಕಚ್ಚುಗಳ) ನಡುವೆ ಸುಮಾರು 11 ಮಿ.ಮೀ.; ಆಳ ತಂತಿಯ ದಪ್ಪದ ಮೂರನೇ ಒಂದು ಪಾಲು ಮಾತ್ರ. ಆಳವಾದರೆ ತಂತಿ ಸಿಕ್ಕಿಕೊಂಡು ನಾದ ಮಂಕಾಗುತ್ತದೆ. ಗಾಡಿಗೆ ಪೆನ್ಸಿಲ್ ಸೀಸ ಉಜ್ಜಿ.

ಶ್ರುತಿ ಏರಿಸುವಾಗ ತಂತಿ ಬ್ರಿಡ್ಜ್‌ನ ತಲೆಯನ್ನು ಫಿಂಗರ್‌ಬೋರ್ಡಿನತ್ತ ಎಳೆಯುತ್ತದೆ. ಪ್ರತಿ ತಂತಿ ಬಿಗಿದ ಮೇಲೂ ಎರಡೂ ಕೈಯ ಬೆರಳುಗಳಲ್ಲಿ ತಲೆ ಹಿಡಿದು ನೆಟ್ಟಗೆ ಮಾಡಿ. ವಾಲಿದ್ದನ್ನು ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಬಾಗಿಹೋಗುತ್ತದೆ.